ಹಳೆಯ ಲೈಬ್ರರಿ ಬೇರೆ, ಅನಾಥ ಲೈಬ್ರರಿ ಬೇರೆ

2025ರ ನವೆಂಬರ್ 1ರಿಂದ ಗೂಗಲ್ ಪ್ಲೇಯಲ್ಲಿ ಒಂದು ಹೊಸ ನಿಯಮ ಬಂತು. ಆಂಡ್ರಾಯ್ಡ್ 15 ಅಥವಾ ಅದಕ್ಕಿಂತ ಹೊಸ ಆವೃತ್ತಿಯನ್ನು ಟಾರ್ಗೆಟ್ ಮಾಡುವ ಆ್ಯಪ್‌ಗಳು, 16 ಕೆಬಿ ಮೆಮರಿ ಪೇಜ್ ಬಳಸುವ ಫೋನ್‌ಗಳಲ್ಲೂ ಓಡಬೇಕು. ಓಡದಿದ್ದರೆ ಹೊಸ ಆ್ಯಪ್ ಹಾಕುವಂತಿಲ್ಲ, ಇರುವ ಆ್ಯಪ್‌ಗೆ ಅಪ್‌ಡೇಟ್ ಕೊಡುವಂತಿಲ್ಲ. ಹೆಚ್ಚು ಸಮಯ ಬೇಕಾದವರಿಗೆ 2026ರ ಮೇ 31ರವರೆಗೆ ಗಡುವು ಮುಂದೂಡಿಸಿಕೊಳ್ಳುವ ಅವಕಾಶ ಕೊಟ್ಟರು. ಕೇಳಿದರೆ ಇದು ಫೋನ್ ತಯಾರಿಸುವವರ ತಲೆನೋವು ಅನ್ನಿಸುತ್ತದೆ, ಅಲ್ವಾ? ಆದರೆ ನಿದ್ದೆಗೆಟ್ಟವರು ಆ್ಯಪ್ ಬರೆಯುವವರು. ಅದೂ ತಾವು ಬರೆದ ಕೋಡ್‌ನಿಂದಲ್ಲ. ಐದಾರು ವರ್ಷದ ಹಿಂದೆ ಯಾರೋ ಪ್ರಾಜೆಕ್ಟ್‌ಗೆ ಸೇರಿಸಿ ಮರೆತುಬಿಟ್ಟ, ಪಿಡಿಎಫ್ ತೋರಿಸುವುದಕ್ಕೋ ಕಾರ್ಡ್ ಸ್ಕ್ಯಾನ್ ಮಾಡುವುದಕ್ಕೋ ಇದ್ದ ಒಂದು ಸಣ್ಣ ಲೈಬ್ರರಿಯಿಂದ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನಿಂದ.

ಮೊದಲು ಈ ಪೇಜ್ ಅಂದರೇನು ನೋಡೋಣ. ಆಪರೇಟಿಂಗ್ ಸಿಸ್ಟಂ ಮೆಮರಿಯನ್ನು ಒಂದೇ ಅಳತೆಯ ಪೊಟ್ಟಣ ಕಟ್ಟಿ ಪ್ರೋಗ್ರಾಂಗಳಿಗೆ ಕೊಡುತ್ತದೆ. ಒಂದೊಂದು ಪೊಟ್ಟಣವೂ ಒಂದು ಪೇಜ್. ಆಂಡ್ರಾಯ್ಡ್‌ನಲ್ಲಿ ಇದರ ಅಳತೆ ಮೊದಲಿನಿಂದಲೂ 4 ಕೆಬಿ. ಕಾಲು ಕೆಜಿಯ ನಾಲ್ಕು ಪೊಟ್ಟಣ ಕಟ್ಟುವ ಬದಲು ಒಂದು ಕೆಜಿಯ ಒಂದೇ ಪೊಟ್ಟಣ ಕಟ್ಟಿದರೆ ಅಂಗಡಿಯವರಿಗೆ ಕೆಲಸ ಕಡಿಮೆ ತಾನೆ? ಇಲ್ಲೂ ಅದೇ ಲೆಕ್ಕ. 16 ಕೆಬಿಗೆ ಹೋದರೆ ಮೆಮರಿ ಬಿಗಿಯಾಗಿರುವಾಗ ಆ್ಯಪ್ ತೆರೆದುಕೊಳ್ಳುವ ಸಮಯ ಸರಾಸರಿ 3.16% ಕಡಿಮೆಯಾಯಿತು, ತೆರೆಯುವಾಗ ಖರ್ಚಾಗುವ ಬ್ಯಾಟರಿ 4.56% ಇಳಿಯಿತು ಎಂದು ಗೂಗಲ್ ತನ್ನ ಪರೀಕ್ಷೆಗಳ ಫಲಿತಾಂಶ ಕೊಟ್ಟಿದೆ. ಫೋನ್‌ಗಳಲ್ಲಿ ರ‍್ಯಾಮ್ ಹೆಚ್ಚುತ್ತಿರುವಾಗ ಇದು ಸರಿಯಾದ ದಾರಿಯೇ. ಅದರಲ್ಲಿ ತಕರಾರಿಲ್ಲ.

ಕಾಟ್ಲಿನ್ ಅಥವಾ ಜಾವಾದಲ್ಲಿ ಮಾತ್ರ ಬರೆದ ಆ್ಯಪ್‌ಗೆ ಇದರಿಂದ ಏನೂ ಆಗುವುದಿಲ್ಲ. ತೊಂದರೆ ಇರುವುದು ಸಿ, ಸಿ++ನಲ್ಲಿ ಬರೆದು ಕಂಪೈಲ್ ಮಾಡಿಟ್ಟ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿಟ್ಟ ಎಸ್‌ಒ (.so) ಫೈಲ್‌ಗಳಲ್ಲಿ. ಇವುಗಳ ಒಳಗಿನ ಭಾಗಗಳು ಪೇಜ್‌ನ ಅಳತೆಗೆ ಸರಿಯಾಗಿ ಕೂರುವಂತೆ ಜೋಡಿಸಿರಬೇಕು. 4 ಕೆಬಿಗೆ ಜೋಡಿಸಿದ್ದು 16 ಕೆಬಿ ಪೇಜ್‌ನ ಫೋನ್‌ನಲ್ಲಿ ಲೋಡ್ ಆಗುವುದು ಖಾತ್ರಿಯಿಲ್ಲ. ಆ್ಯಪ್ ತೆರೆದ ಕೂಡಲೇ ಬಿದ್ದುಹೋಗಬಹುದು. ಕೋಡ್ ನಿಮ್ಮದೇ ಆಗಿದ್ದರೆ, ಸಿ, ಸಿ++ ಕಂಪೈಲ್ ಮಾಡುವ ಗೂಗಲ್‌ನ ಸಾಧನವಾದ ಎನ್‌ಡಿಕೆಯ ಆರ್28 ಆವೃತ್ತಿಗೆ ಹೋಗಿ ಮತ್ತೆ ಕಂಪೈಲ್ ಮಾಡಿದರೆ ಮುಗಿಯಿತು. ಹಳೆಯ ಎನ್‌ಡಿಕೆಯಲ್ಲೇ ಇದ್ದರೂ ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್‌ಗೆ ಒಂದು ಸೂಚನೆ (ಫ್ಲ್ಯಾಗ್) ಸೇರಿಸಿದರೆ ಸಾಕು. ಅರ್ಧ ದಿನದ ಕೆಲಸ. ಆದರೆ ಫೈಲ್ ಬೇರೆಯವರದ್ದಾಗಿದ್ದರೆ? ಅವರೇ ಕಂಪೈಲ್ ಮಾಡಿ ಕೊಡಬೇಕು. ಅವರು ಕೊನೆಯ ಸಲ ಆ ಪ್ರಾಜೆಕ್ಟ್ ಮುಟ್ಟಿದ್ದು 2019ರಲ್ಲಾಗಿದ್ದರೆ ಯಾರನ್ನು ಕೇಳುವುದು?

ಇದನ್ನು ಹುಡುಕುವ ಕೆಲಸ ಹೇಗಿರುತ್ತದೆ ಅಂದರೆ, ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಪಿಕೆ ಅನಲೈಸರ್ ತೆರೆದು ಆ್ಯಪ್ ಫೈಲ್ ಹಾಕಿದರೆ ಲಿಬ್ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗೆ 64 ಬಿಟ್ ಫೋನ್‌ಗಳ ಎಸ್‌ಒ ಫೈಲ್‌ಗಳ ಪಟ್ಟಿ. ಒಂದೊಂದರ ಎದುರಿಗೂ ಅದರ ಅಲೈನ್‌ಮೆಂಟ್, ಅಂದರೆ ಎಷ್ಟು ಅಳತೆಯ ಪೇಜ್‌ಗೆ ಜೋಡಿಸಿದ್ದು ಅಂತ ಬರೆದಿರುತ್ತದೆ. ನಾವು ಒಂದೇ ಒಂದು ಸಾಲು ಸಿ++ ಬರೆದಿರುವುದಿಲ್ಲ, ಆದರೂ ಪಟ್ಟಿ ಉದ್ದ ಇರುತ್ತದೆ. ಅದರಲ್ಲಿ ಕೆಲವಕ್ಕೆ 4 ಕೆಬಿ. ಈ ಫೈಲ್‌ಗಳ ಹೆಸರನ್ನು, ಯಾವ ಲೈಬ್ರರಿ ಬೇಕೆಂದು ಬರೆಯುವ ಬಿಲ್ಡ್ ಫೈಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಯಾಕೆಂದರೆ ನಾವು ಸೇರಿಸಿದ್ದು ಒಂದು ಲೈಬ್ರರಿ. ಅದು ಎಳೆದುಕೊಂಡು ಬಂದಿದ್ದು ಇನ್ನೊಂದು. ಆ ಇನ್ನೊಂದರ ಹೊಟ್ಟೆಯಲ್ಲಿ ಈ ಎಸ್‌ಒ. ಲೈಬ್ರರಿಗಳನ್ನು ತಂದು ಆ್ಯಪ್ ಕಟ್ಟಿಕೊಡುವ ಸಾಧನ ಗ್ರೇಡಲ್‌ನ ಡಿಪೆಂಡೆನ್ಸೀಸ್ ಕಮಾಂಡ್ ಕೊಟ್ಟರೆ ಲೈಬ್ರರಿಗಳ ಮರ ಕಾಣುತ್ತದೆಯೇ ಹೊರತು ಯಾವ ಎಸ್‌ಒ ಯಾವುದರದ್ದು ಅಂತ ಅದು ಹೇಳುವುದಿಲ್ಲ. ಕೊನೆಗೆ ಗ್ರೇಡಲ್ ಇಳಿಸಿಕೊಂಡ ಲೈಬ್ರರಿಗಳನ್ನು ಕೂಡಿಡುವ ಕ್ಯಾಶ್ ಫೋಲ್ಡರ್‌ಗೆ ಇಳಿದು, ಲೈಬ್ರರಿಗಳನ್ನು ಕಟ್ಟಿಟ್ಟ ಎಎಆರ್ ಫೈಲ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡುವುದೂ ಉಂಟು.

ಹೀಗೆ ಬಿಚ್ಚಿ ನೋಡಿದಾಗ ಒಂದು ವಿಷಯ ಹೊಳೆಯುತ್ತದೆ. ಕಾಟ ಕೊಡುವ ಲೈಬ್ರರಿಗಳೆಲ್ಲ ಹಳೆಯವು ನಿಜ. ಆದರೆ ಹಳೆಯ ಲೈಬ್ರರಿಗಳೆಲ್ಲ ಕಾಟ ಕೊಡುವುದಿಲ್ಲ. ನಮ್ಮ ಟೀಮ್‌ಗಳು ಆವೃತ್ತಿ ಸಂಖ್ಯೆ ನೋಡಿ ಹೆದರುತ್ತವೆ. ನೋಡಬೇಕಾದ್ದು ಅದನ್ನಲ್ಲ, ಆ ಲೈಬ್ರರಿಯ ಹಿಂದೆ ಈಗ ಯಾರಾದರೂ ಇದ್ದಾರಾ ಎಂಬುದನ್ನು.

ಜೇಸನ್ (JSON) ರೂಪದ ಮಾಹಿತಿ ಓದುವ, ಗೂಗಲ್‌ನ ಜಿಸಾನ್ (Gson) ತೆಗೆದುಕೊಳ್ಳಿ. ಅದಕ್ಕೆ ಹೊಸ ಸೌಲಭ್ಯಗಳೇನೂ ಹೆಚ್ಚಾಗಿ ಬರುವುದಿಲ್ಲ, ಮೇಂಟೆನೆನ್ಸ್ ಮಾತ್ರ ಅಂತ ಅವರೇ ಹೇಳಿದ್ದಾರೆ. ಆದರೂ ದೋಷ ಸಿಕ್ಕರೆ ಸರಿ ಮಾಡುತ್ತಾರೆ. ಹಾಗಾಗಿ ಅದನ್ನು ಬಳಸುತ್ತಿರುವವರು ನಾಳೆಯೇ ಓಡಿಹೋಗಿ ಬದಲಿಸಬೇಕಾಗಿಲ್ಲ. ವಿಡಿಯೋ ಓಡಿಸುವ ಎಕ್ಸೋಪ್ಲೇಯರ್ ಇನ್ನೊಂದು ರೀತಿ. ಅದರ ಹಳೆಯ ಪ್ಯಾಕೇಜ್ 2.19.1ಕ್ಕೆ ನಿಂತಿತು, ಕೆಲಸವೆಲ್ಲ ಮೀಡಿಯಾ3 ಎಂಬ ಹೊಸ ಪ್ಯಾಕೇಜ್‌ಗೆ ಹೋಯಿತು. ಹೇಗೆ ಬದಲಿಸಬೇಕು ಎಂಬ ಸ್ಕ್ರಿಪ್ಟ್ ಸಹಿತ ದಾರಿ ತೋರಿಸಿದ್ದಾರೆ. ಡೇಟಾಬೇಸ್‌ಗೆ ಬೀಗ ಹಾಕುವ ಎಸ್‌ಕ್ಯೂಎಲ್‌ಸೈಫರ್ ಕೂಡ ಹಾಗೆಯೇ, ಹಳೆಯ ಪ್ಯಾಕೇಜ್ ಬಿಟ್ಟು ಹೊಸದಕ್ಕೆ ಬನ್ನಿ ಅಂತ ಹೇಳಿದೆ. ಸ್ಕ್ವೇರ್ ಕಂಪನಿ ಚಿತ್ರ ತೋರಿಸುವ ತನ್ನ ಪಿಕಾಸೋ ನಿಲ್ಲಿಸಿ, ಅದೇ ಕೆಲಸದ ಕಾಯಿಲ್ ಬಳಸಿ ಎಂದು ಬೋರ್ಡ್ ಹಾಕಿದೆ. ಇವೆಲ್ಲ ಕೆಲಸ ಹೇರುತ್ತವೆ, ಆದರೆ ಮೋಸ ಮಾಡುವುದಿಲ್ಲ. ಮೂರನೆಯ ಗುಂಪು ಬೇರೆ. ಅಲ್ಲಿ ಬೋರ್ಡೂ ಇಲ್ಲ, ಉತ್ತರವೂ ಇಲ್ಲ. ದೋಷಗಳನ್ನು ತಿಳಿಸುವ ಇಶ್ಯೂಗಳ ಪಟ್ಟಿಯಲ್ಲಿ ಜನ 'ಯಾರಾದರೂ ಇದ್ದೀರಾ?' ಅಂತ ಕೇಳುತ್ತಲೇ ಇರುತ್ತಾರೆ. ಇವು ಅನಾಥ.

ಅನಾಥ ಲೈಬ್ರರಿ ಇದ್ದಕ್ಕಿದ್ದಂತೆ ಹೇಗೆ ಕೈ ಕೊಡುತ್ತದೆ ಎಂಬುದಕ್ಕೆ ಜೆಸೆಂಟರ್ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಜೆಸೆಂಟರ್, ಮೇವನ್ ಸೆಂಟ್ರಲ್ ಇವೆಲ್ಲ ಲೈಬ್ರರಿಗಳನ್ನು ಇಟ್ಟು ಹಂಚುವ ಆನ್‌ಲೈನ್ ಉಗ್ರಾಣಗಳು. ಹಲವು ವರ್ಷ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡಿದರೆ ಜೆಸೆಂಟರ್ ತಾನಾಗಿಯೇ ಸೇರಿಕೊಳ್ಳುತ್ತಿತ್ತು. ಅಲ್ಲಿಗೆ ಲೈಬ್ರರಿ ಹಾಕುವುದು ಮೇವನ್ ಸೆಂಟ್ರಲ್‌ಗೆ ಹಾಕುವುದಕ್ಕಿಂತ ಸುಲಭ. ಹಾಗಾಗಿ ಸಾವಿರಾರು ಸಣ್ಣ ಲೈಬ್ರರಿಗಳು ಅಲ್ಲಿ ಮಾತ್ರ ಇದ್ದವು. 2021ರ ಫೆಬ್ರವರಿಯಲ್ಲಿ ಅದನ್ನು ನಡೆಸುತ್ತಿದ್ದ ಜೆಫ್ರಾಗ್ ಕಂಪನಿ, ಲೈಬ್ರರಿ ಹಾಕುವ ಸೇವೆ ಬಿನ್‌ಟ್ರೇ ಮತ್ತು ಜೆಸೆಂಟರ್ ಎರಡನ್ನೂ ನಿಲ್ಲಿಸುತ್ತೇವೆ ಎಂದಿತು. ಗಲಾಟೆಯಾಯಿತು. ಆಮೇಲೆ, ಹೊಸದನ್ನು ಹಾಕುವಂತಿಲ್ಲ, ಇದ್ದದ್ದನ್ನು ಇಳಿಸಿಕೊಳ್ಳಬಹುದು ಅಂತಾಯಿತು. ಎಲ್ಲರೂ ನಿಟ್ಟುಸಿರು ಬಿಟ್ಟು ಮಲಗಿದರು. 2024ರ ಆಗಸ್ಟ್ 15ಕ್ಕೆ ಜೆಸೆಂಟರ್‌ಗೆ ಬರುವ ಕೋರಿಕೆಗಳನ್ನೆಲ್ಲ ಮೇವನ್ ಸೆಂಟ್ರಲ್ ಕಡೆಗೆ ತಿರುಗಿಸಿದರು. ಯಾರೂ ಅಲ್ಲಿಗೆ ಸಾಗಿಸದೆ ಬಿಟ್ಟ ಲೈಬ್ರರಿಗಳು ಅವತ್ತಿನಿಂದ ಸಿಗಲಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ತುಂಬಾ ದಿನದಿಂದ ಪ್ರಾಜೆಕ್ಟ್ ಬಿಲ್ಡ್ ಮಾಡುತ್ತಿದ್ದವರ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಹಳೆಯ ಫೈಲ್‌ಗಳು ಕ್ಯಾಶ್‌ನಲ್ಲಿ ಕೂತಿದ್ದವಲ್ಲ! ಟೀಮ್‌ಗೆ ಹೊಸದಾಗಿ ಸೇರಿದವರ ಮೆಷಿನ್‌ನಲ್ಲಿ ಮಾತ್ರ ಬಿಲ್ಡ್ ಒಡೆಯುತ್ತಿತ್ತು. 'ನನ್ನಲ್ಲಿ ಆಗ್ತಿದೆಯಲ್ಲ, ನಿಂದೇ ಏನೋ ಪ್ರಾಬ್ಲಂ' ಎಂಬ ಮಾತು ಕೇಳದ ಹೊಸಬರು ಯಾರಿದ್ದಾರೆ? ಹೀಗಾಗಿ ಆ್ಯಪ್‌ನ ಒಂದು ಸಾಲನ್ನೂ ಬದಲಿಸದೆ ಇದ್ದರೂ ಅದು ಕೆಡಬಹುದು. ಕೋಡ್ ನಿಂತಲ್ಲೇ ನಿಂತಿರುತ್ತದೆ. ಕೆಳಗಿನ ಆಪರೇಟಿಂಗ್ ಸಿಸ್ಟಂ, ಸ್ಟೋರ್‌ನ ನಿಯಮ, ಲೈಬ್ರರಿ ಇಟ್ಟಿದ್ದ ಜಾಗ ಇವೆಲ್ಲ ಚಲಿಸುತ್ತಿರುತ್ತವೆ.

ಇನ್ನೂ ಗಂಭೀರವಾದದ್ದು ಇನ್ನೊಂದಿದೆ. ಅನಾಥ ಲೈಬ್ರರಿಗೆ ಯಾರು ಬೇಕಾದರೂ ಹೊಸ ಯಜಮಾನರಾಗಬಹುದು. ಐಫೋನ್ ಆ್ಯಪ್‌ಗಳಿಗೆ ಲೈಬ್ರರಿ ತರುವ ಕೊಕೋಪಾಡ್ಸ್‌ನಲ್ಲಿ 2014ರಲ್ಲಿ ಹೊಸ ಸರ್ವರ್‌ಗೆ ಬದಲಾದಾಗ, ಹಲವು ಲೈಬ್ರರಿಗಳ ಮಾಲೀಕರು ಬಂದು ಇದು ನಮ್ಮದು ಎಂದು ಹೇಳಿಕೊಳ್ಳಲೇ ಇಲ್ಲ. ಅಂಥವನ್ನು ಬೇರೆ ಯಾರಾದರೂ ತಮ್ಮದೆಂದು ಬರೆಸಿಕೊಳ್ಳುವ ದಾರಿ ವರ್ಷಗಟ್ಟಲೆ ತೆರೆದೇ ಇತ್ತು. 2023ರಲ್ಲಿ ಅದನ್ನು ಮುಚ್ಚಿದರು, ಜನರಿಗೆ ವಿವರ ತಿಳಿದದ್ದು 2024ರ ಜುಲೈನಲ್ಲಿ. ಆಂಡ್ರಾಯ್ಡ್ ಕಡೆ ಅದೇ ವರ್ಷದ ಜನವರಿಯಲ್ಲಿ ಓವರ್‌ಸೆಕ್ಯೂರ್ಡ್ ಕಂಪನಿ ಮೇವನ್‌ಗೇಟ್ ಎಂಬ ಹೆಸರಿನಲ್ಲಿ ಇಂಥದ್ದೇ ಸಂಗತಿ ಹೊರಹಾಕಿತು. ಜಾವಾ ಲೈಬ್ರರಿಗಳ ಹೆಸರು ಸಾಮಾನ್ಯವಾಗಿ ಮಾಲೀಕರ ವೆಬ್ ಡೊಮೈನ್ ಅನ್ನು ತಿರುಗಿಸಿ ಬರೆದದ್ದು. ಆ ಡೊಮೈನ್‌ನ ನೋಂದಣಿ ಮುಗಿದು ಮಾರಾಟಕ್ಕೆ ಬಂದರೆ, ಅದನ್ನು ಕೊಂಡವರು ಆ ಲೈಬ್ರರಿಯ ಹೆಸರಿನ ಮೇಲೂ ಹಕ್ಕು ಕೇಳಬಹುದು. ಡೊಮೈನ್ ಕೊಳ್ಳಲು ಎಷ್ಟು ದುಡ್ಡು ಬೇಕು? ಒಂದು ಊಟದ ಬಿಲ್ಲಿನಷ್ಟು.

ಇಷ್ಟೆಲ್ಲ ಓದಿದ ಮೇಲೆ, ಎಲ್ಲವನ್ನೂ ಲೇಟೆಸ್ಟ್ ಮಾಡಿಬಿಡೋಣ ಅನ್ನಿಸುವುದು ಸಹಜ. ಸ್ವಲ್ಪ ತಡೆಯಿರಿ.

2018ರಲ್ಲಿ ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಉಗ್ರಾಣವಾದ ಎನ್‌ಪಿಎಂನಲ್ಲಿದ್ದ ಇವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರಿಗೆ ಅದರಲ್ಲಿ ಆಸಕ್ತಿ ಹೋಗಿತ್ತು. ಯಾರೋ ಬಂದು ನಾನು ನೋಡಿಕೊಳ್ಳುತ್ತೇನೆ ಅಂದರು, ಇವರು ಒಪ್ಪಿಸಿದರು. ಹೊಸಬರು ಅದರೊಳಗೆ ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಎಂಬ ಇನ್ನೊಂದು ಪ್ಯಾಕೇಜ್ ಸೇರಿಸಿದರು. ಅದರ ಗುರಿ ಒಂದೇ, ಕೋಪೇ ಎಂಬ ಬಿಟ್‌ಕಾಯಿನ್ ವಾಲೆಟ್ ಆ್ಯಪ್. ಬೇರೆ ಎಲ್ಲ ಕಡೆ ಆ ಕೋಡ್ ಸುಮ್ನೆ ಕೂತಿರುತ್ತಿತ್ತು. ಕೋಪೇ ಬಿಲ್ಡ್ ಆಗುವಾಗ ಮಾತ್ರ ಎದ್ದು ಆ ಆ್ಯಪ್‌ನೊಳಗೆ ಸೇರಿಕೊಂಡು, ಅದನ್ನು ಬಳಸುವವರ ವಾಲೆಟ್ ಕೀಗಳನ್ನು ಕದಿಯುತ್ತಿತ್ತು. ಇಲ್ಲಿ ಅಪಾಯ ಇದ್ದದ್ದು ಹೊಸ ಆವೃತ್ತಿಯಲ್ಲಿ. ಹಳೆಯದರಲ್ಲೇ ಉಳಿದವರು ಬಚಾವಾದರು. 2025ರ ಸೆಪ್ಟೆಂಬರ್ 8ರಂದು ಚಾಕ್, ಡಿಬಗ್ ಮುಂತಾದ ಎನ್‌ಪಿಎಂ ಪ್ಯಾಕೇಜ್‌ಗಳಿಗೂ ಹೀಗೆಯೇ ಆಯಿತು. ಅವುಗಳನ್ನು ನೋಡಿಕೊಳ್ಳುವವರಿಗೆ ಸುಳ್ಳು ಇಮೇಲ್ ಕಳಿಸಿ ಖಾತೆ ಕದ್ದರು. ಕೆಟ್ಟ ಆವೃತ್ತಿಗಳನ್ನು ಕೆಲವೇ ಗಂಟೆಗಳಲ್ಲಿ ತೆಗೆದರೂ, ಆ ಗಂಟೆಗಳಲ್ಲಿ ತಾನಾಗಿ ಅಪ್‌ಡೇಟ್ ಎಳೆದುಕೊಂಡವರ ಗತಿ? ರಿಯಾಕ್ಟ್ ನೇಟಿವ್‌ನಲ್ಲಿ, ಅಂದರೆ ಜಾವಾಸ್ಕ್ರಿಪ್ಟ್ ಬಳಸಿ ಮೊಬೈಲ್ ಆ್ಯಪ್ ಬರೆಯುವವರು ಇದೇ ಎನ್‌ಪಿಎಂನಿಂದಲೇ ಎಲ್ಲವನ್ನೂ ತರುತ್ತಾರೆ ಎಂಬುದು ನೆನಪಿರಲಿ.

ಆದ್ದರಿಂದ ನನ್ನ ಪ್ರಕಾರ ಅಪ್‌ಡೇಟ್‌ಗಳಿಗೆ ಎರಡು ವೇಗ ಇರಬೇಕು. ಭದ್ರತೆಯ ದೋಷ ಸರಿಪಡಿಸುವ ಆವೃತ್ತಿ ಬಂದರೆ ಅವತ್ತೇ ನೋಡಬೇಕು. ಮಿಕ್ಕಿದ್ದೆಲ್ಲ ಒಂದೆರಡು ವಾರ ಕಾಯಲಿ, ಬೇರೆಯವರು ಮೊದಲು ಬಳಸಿ ನೋಡಲಿ. ಹೊಸ ಆವೃತ್ತಿ ಬಂದರೆ ತಾವಾಗಿಯೇ ಅಪ್‌ಡೇಟ್ ಸೂಚಿಸುವ ಬಾಟ್‌ಗಳಾದ ರೆನೊವೇಟ್, ಡಿಪೆಂಡಬಾಟ್ ಎರಡರಲ್ಲೂ ಇಷ್ಟು ದಿನ ಹಳೆಯದಾಗುವವರೆಗೆ ಎತ್ತಬೇಡ ಎಂದು ಹೇಳುವ ಸೆಟ್ಟಿಂಗ್ ಇದೆ. ಇದನ್ನು ಹಾಕದೆ ಬಾಟ್ ಓಡಿಸಿದರೆ ಸೋಮವಾರ ಬೆಳಿಗ್ಗೆ ಈ ಬದಲಾವಣೆ ಒಪ್ಪಿಕೊಳ್ಳಿ ಎನ್ನುವ ಪುಲ್ ರಿಕ್ವೆಸ್ಟ್‌ಗಳ ರಾಶಿ ಬಿದ್ದಿರುತ್ತದೆ. ಎರಡು ವಾರ ಶ್ರದ್ಧೆಯಿಂದ ನೋಡುತ್ತಾರೆ, ಮೂರನೇ ವಾರ ಬಾಟ್‌ನ ಮೇಲ್‌ಗಳನ್ನು ಮ್ಯೂಟ್ ಮಾಡುತ್ತಾರೆ.

ಭದ್ರತೆಯ ಅಪ್‌ಡೇಟ್ ಅವತ್ತೇ ನೋಡಬೇಕು ಎಂದದ್ದು ಯಾಕೆ ಅಂದರೆ, ಮೊಬೈಲ್‌ನಲ್ಲಿ ಲೈಬ್ರರಿಯ ಒಂದು ನಕಲು ಆ್ಯಪ್‌ನೊಳಗೇ ಇರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಚಿತ್ರಗಳನ್ನು ಬಿಡಿಸಿ ತೋರಿಸುವ ಲಿಬ್‌ವೆಬ್‌ಪಿಯಲ್ಲಿ ಒಂದು ಭಾರಿ ದೋಷ ಸಿಕ್ಕಿತು. ಕೆಟ್ಟ ಉದ್ದೇಶದಿಂದ ತಯಾರಿಸಿದ ಒಂದು ಚಿತ್ರ ತೋರಿಸಿದರೆ ಸಾಕು, ದಾಳಿಗೆ ದಾರಿ. 1.3.2 ಆವೃತ್ತಿಯಲ್ಲಿ ಸರಿಪಡಿಸಿದರು. ಕ್ರೋಮ್ ಅಪ್‌ಡೇಟ್ ಆಯಿತು, ಫೋನ್‌ಗಳಿಗೂ ಅಪ್‌ಡೇಟ್ ಬಂತು. ಆದರೆ ಆ್ಯಪ್ ತನ್ನದೇ ಲಿಬ್‌ವೆಬ್‌ಪಿ ಕಟ್ಟಿಕೊಂಡು ಬಂದಿದ್ದರೆ ಫೋನ್ ಎಷ್ಟು ಅಪ್‌ಡೇಟ್ ಮಾಡಿದರೂ ಆ ನಕಲು ಹಾಗೇ ಉಳಿಯುತ್ತದೆ. ಅದನ್ನು ಬದಲಿಸುವುದು ಆ್ಯಪ್ ಮಾಡಿದವರ ಕೈಯಲ್ಲಿ ಮಾತ್ರ. ಸರ್ವರ್ ಆದರೆ ರಾತ್ರಿಯೇ ಬದಲಿಸಬಹುದು. ಇಲ್ಲಿ ಬಿಲ್ಡ್ ಆಗಬೇಕು, ಸ್ಟೋರ್ ಒಪ್ಪಬೇಕು, ಜನ ಅಪ್‌ಡೇಟ್ ಹಾಕಿಕೊಳ್ಳಬೇಕು. ಎಷ್ಟೋ ಜನ ಹಾಕಿಕೊಳ್ಳುವುದೇ ಇಲ್ಲ.

ಇನ್ನು ನಮಗೆ ಗೊತ್ತಿಲ್ಲದೆಯೇ ಆಗುವ ಅಪ್‌ಡೇಟ್. ಎರಡು ಲೈಬ್ರರಿಗಳು ಮೂರನೆಯ ಒಂದರ ಬೇರೆ ಬೇರೆ ಆವೃತ್ತಿ ಕೇಳಿದರೆ ಗ್ರೇಡಲ್ ಸಾಮಾನ್ಯವಾಗಿ ಹೊಸದನ್ನೇ ಆರಿಸುತ್ತದೆ. ನೀವು ಬಿಲ್ಡ್ ಫೈಲ್‌ನಲ್ಲಿ ಬರೆದ ಸಂಖ್ಯೆ ಬರೀ ಕೋರಿಕೆ, ಆಜ್ಞೆ ಅಲ್ಲ. ಇದಕ್ಕೆ, ಆ್ಯಪ್‌ಗಳು ಇಂಟರ್ನೆಟ್ ಜೊತೆ ಮಾತಾಡಲು ಬಳಸುವ ಓಕೆಎಚ್‌ಟಿಟಿಪಿ ಲೈಬ್ರರಿ ಒಳ್ಳೆಯ ಪಾಠ ಕಲಿಸಿತು. 2019ರಲ್ಲಿ ಬಂದ 3.13 ಆವೃತ್ತಿ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನ್‌ಗಳನ್ನು ಕೈಬಿಟ್ಟಿತು. ಹಳೆಯ ಫೋನ್ ಬೇಕಾದವರಿಗಾಗಿ 3.12ರ ಸಾಲನ್ನು ಇನ್ನೂ ಕೆಲವು ವರ್ಷ ನಡೆಸಿಕೊಂಡು ಬಂದರು. ಈಗ ನೀವು 3.12 ಅಂತ ಜೋಪಾನವಾಗಿ ಬರೆದಿಟ್ಟಿದ್ದೀರಿ. ಜಾಹೀರಾತಿನ ಒಂದು ಎಸ್‌ಡಿಕೆ, ಅಂದರೆ ಜಾಹೀರಾತು ಕಂಪನಿ ಕೊಟ್ಟ ಲೈಬ್ರರಿ, ಒಳಗಿಂದ ಹೊಸ ಆವೃತ್ತಿ ಕೇಳುತ್ತದೆ. ಗ್ರೇಡಲ್ ಹೊಸದನ್ನು ತರುತ್ತದೆ. ಬಿಲ್ಡ್ ಸಲೀಸಾಗಿ ಆಗುತ್ತದೆ, ನಿಮ್ಮ ಹೊಸ ಫೋನ್‌ನಲ್ಲಿ ಆ್ಯಪ್ ಚೆನ್ನಾಗಿಯೇ ಓಡುತ್ತದೆ. ಆಂಡ್ರಾಯ್ಡ್ 4.4ರ ಫೋನ್ ಇಟ್ಟುಕೊಂಡವರ ಹತ್ತಿರ ಮಾತ್ರ 'ಎಪಿಐ 21 ಅಥವಾ ಹೆಚ್ಚಿನದು ಬೇಕಿತ್ತು, ಇರುವುದು 19' ಎಂದು ಹೇಳಿ ಬಿದ್ದುಹೋಗುತ್ತದೆ (ಎಪಿಐ 21 ಅಂದರೆ ಆಂಡ್ರಾಯ್ಡ್ 5, 19 ಅಂದರೆ 4.4). ಡಿಪೆಂಡೆನ್ಸಿ ಇನ್‌ಸೈಟ್ ಎಂಬ ಗ್ರೇಡಲ್ ಕಮಾಂಡ್ ಇರುವುದು ಇದಕ್ಕೇ. ಯಾರು ಕೇಳಿದ್ದರಿಂದ ಈ ಆವೃತ್ತಿ ಬಂತು ಎಂದು ಅದು ಹೇಳುತ್ತದೆ. ದಿನಾ ಬೇಕಾಗುವುದಿಲ್ಲ, ಆದರೆ ಬೇಕಾದ ದಿನ ಅದಿಲ್ಲದೆ ಆಗುವುದಿಲ್ಲ.

ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡುವ ಕ್ರಾಸ್ ಪ್ಲಾಟ್‌ಫಾರ್ಮ್‌ನವರು ನಮಗಿದೆಲ್ಲ ಇಲ್ಲ ಅಂದುಕೊಂಡರೆ ಅದು ಭ್ರಮೆ. 2023ರ ಮೇನಲ್ಲಿ ಫ್ಲಟರ್ ಆ್ಯಪ್‌ಗಳ ಭಾಷೆಯಾದ ಡಾರ್ಟ್‌ನ 3ನೇ ಆವೃತ್ತಿ ಬಂದಾಗ ನಲ್ ಸೇಫ್ಟಿ, ಅಂದರೆ ಖಾಲಿ ಮೌಲ್ಯದಿಂದ ಆಗುವ ತಪ್ಪುಗಳನ್ನು ತಡೆಯುವ ನಿಯಮ, ಕಡ್ಡಾಯವಾಯಿತು. ಅದಕ್ಕೆ ಒಗ್ಗದ ಹಳೆಯ ಫ್ಲಟರ್ ಪ್ಯಾಕೇಜ್‌ಗಳು ಆ ಆವೃತ್ತಿಯಲ್ಲಿ ಬಳಕೆಗೇ ಬರಲಿಲ್ಲ. ಯಾರೂ ನೋಡಿಕೊಳ್ಳದವು ಅಲ್ಲಿಗೆ ಮುಗಿದವು. ಮೇಲಾಗಿ ಇವರಿಗೆ ಎರಡು ಕಡೆಯ ಕಾಟ. ಡಾರ್ಟ್ ಪ್ಯಾಕೇಜ್ ಹೊಸದಾಗಿದ್ದರೂ ಅದರ ಒಳಗಿನ ಆಂಡ್ರಾಯ್ಡ್ ಲೈಬ್ರರಿ ಹಳೆಯದಿರಬಹುದು.

ಕೆಲಸದ ರೀತಿಯ ಬಗ್ಗೆ ಒಂದು ಮಾತು. ವರ್ಷಕ್ಕೊಮ್ಮೆ, ಆ್ಯಪ್ ಹೊಸ ಆಂಡ್ರಾಯ್ಡನ್ನು ಟಾರ್ಗೆಟ್ ಮಾಡಬೇಕೆನ್ನುವ ಪ್ಲೇ ಸ್ಟೋರ್‌ನ ಟಾರ್ಗೆಟ್ ಎಪಿಐ ಗಡುವು ಆಗಸ್ಟ್ ಕೊನೆಗೆ ಬರುತ್ತದಲ್ಲ, ಆಗ ಎಲ್ಲವನ್ನೂ ಒಟ್ಟಿಗೆ ಮೇಲಕ್ಕೆತ್ತುವ ಅಭ್ಯಾಸ ತುಂಬಾ ಕಡೆ ಇದೆ. ಇದು ಕೆಟ್ಟ ಅಭ್ಯಾಸ. ಒಂದೇ ಸಲ ಹದಿನೈದು ಲೈಬ್ರರಿ ಬದಲಿಸಿ, ಆಮೇಲೆ ಒಂದು ಸ್ಕ್ರೀನ್ ಒಡೆದರೆ ಯಾವುದರಿಂದ ಒಡೆಯಿತು ಅಂತ ಹೇಗೆ ಹುಡುಕುತ್ತೀರಿ? ಪ್ರತಿ ರಿಲೀಸ್‌ನಲ್ಲೂ ಒಂದೋ ಎರಡೋ ಬದಲಿಸಿದರೆ ಟೆಸ್ಟ್ ಮಾಡುವವರಿಗೂ ಎಲ್ಲಿ ನೋಡಬೇಕೆಂದು ಗೊತ್ತಿರುತ್ತದೆ. ಆವೃತ್ತಿಗಳನ್ನೆಲ್ಲ ವರ್ಷನ್ ಕ್ಯಾಟಲಾಗ್‌ನಲ್ಲಿ ಒಂದೇ ಕಡೆ ಬರೆದಿಡುವುದು, ಪ್ಲಸ್ ಚಿಹ್ನೆ ಹಾಕಿ ಯಾವುದೋ ಒಂದು ಬರಲಿ ಅಂತ ಬಿಡದಿರುವುದು, ಲಾಕ್ ಫೈಲನ್ನು ಗಿಟ್‌ಗೆ ಹಾಕುವುದು, ಇವು ಎಲ್ಲರಿಗೂ ಗೊತ್ತಿರುವ ಮಾತು. ಹೊಸ ಲೈಬ್ರರಿ ಸೇರಿಸುವ ಮುಂಚಿನ ಹತ್ತು ನಿಮಿಷವನ್ನು ಮಾತ್ರ ಯಾರೂ ಕೊಡುವುದಿಲ್ಲ. ಕೊನೆಯ ಕಮಿಟ್, ಅಂದರೆ ಕೋಡ್‌ನ ಕೊನೆಯ ಬದಲಾವಣೆ ಯಾವಾಗ? ಒಬ್ಬರೇ ನೋಡಿಕೊಳ್ಳುತ್ತಿದ್ದಾರಾ? ಒಳಗೆ ಎಸ್‌ಒ ಇದೆಯಾ? ಲೈಬ್ರರಿಗಳ ಬಗ್ಗೆ ಮಾಹಿತಿ ಕೊಡುವ ಗೂಗಲ್‌ನ ಪ್ಲೇ ಎಸ್‌ಡಿಕೆ ಇಂಡೆಕ್ಸ್‌ನಲ್ಲಿ ಹೆಸರಿದ್ದರೆ ಅಲ್ಲಿ ಏನು ಬರೆದಿದೆ? ಬಳಸಲೇಬೇಕಾದರೆ ನಿಮ್ಮ ಕೋಡ್ ಮತ್ತು ಲೈಬ್ರರಿಯ ನಡುವೆ ನಿಮ್ಮದೇ ಒಂದು ಪದರ (ಇಂಟರ್‌ಫೇಸ್) ಇಡಿ. ಪಿಕಾಸೋ ಬಿಟ್ಟು ಕಾಯಿಲ್‌ಗೆ ಹೋಗುವ ಕೆಲಸ ಒಂದೇ ಫೈಲ್‌ನಲ್ಲಿ ಮುಗಿದ ಟೀಮ್‌ಗಳೂ ಇವೆ, ನೂರಾರು ಫೈಲ್ ತೆರೆದು ಕೂತ ಟೀಮ್‌ಗಳೂ ಇವೆ. ವ್ಯತ್ಯಾಸ ಇಷ್ಟೇ.

ಆದರೆ ಇದೆಲ್ಲ ಡೆವಲಪರ್‌ಗಳ ಸೋಮಾರಿತನದಿಂದ ಆಗುತ್ತದೆ ಎಂದರೆ ಅನ್ಯಾಯ. ಬೆಂಗಳೂರಿನಲ್ಲಿ ಬೇರೆಯವರಿಗಾಗಿ ಆ್ಯಪ್ ಮಾಡಿಕೊಡುವ ಸಣ್ಣ ಕಂಪನಿಗಳ ಲೆಕ್ಕ ನೋಡಿ. ಇಂತಿಷ್ಟು ಸ್ಕ್ರೀನ್, ಇಂತಿಷ್ಟು ದುಡ್ಡು, ಇಂಥ ದಿನ ಡೆಲಿವರಿ. ಆಫೀಸಿನ ಏಸಿಗೆ, ಅಪಾರ್ಟ್‌ಮೆಂಟಿನ ಲಿಫ್ಟಿಗೆ ಎಎಂಸಿ ಮಾಡಿಸುವ ಗ್ರಾಹಕರೇ ಆ್ಯಪ್‌ಗೆ ಎಎಂಸಿ ಯಾಕೆ ಅಂತ ಕೇಳುತ್ತಾರೆ. 'ಏನೂ ಹೊಸದು ಸೇರಿಸ್ತಿಲ್ಲವಲ್ಲ, ಹಾಗಾದ್ರೆ ದುಡ್ಡು ಯಾಕೆ?' ಉತ್ತರ ಹೇಳುವುದು ಕಷ್ಟ. ಲೈಬ್ರರಿ ಬದಲಿಸಿದ ಮೇಲೂ ಆ್ಯಪ್ ಮೊದಲಿನಂತೆಯೇ ಕಾಣುತ್ತದೆ. ಕಾಣಬೇಕಾದದ್ದೂ ಹಾಗೆಯೇ. ಕಣ್ಣಿಗೆ ಕಾಣದ ಕೆಲಸಕ್ಕೆ ಬಿಲ್ ಹಾಕುವುದು ಹೇಗೆ? ಕೊನೆಗೆ ಅಪ್‌ಡೇಟ್ ತಿರಸ್ಕಾರವಾದ ದಿನ ಫೋನ್ ಬರುತ್ತದೆ. ಅಷ್ಟೊತ್ತಿಗೆ ಕೋಡ್ ಬರೆದವರು ಕೆಲಸ ಬದಲಿಸಿರುತ್ತಾರೆ.

ಇಲ್ಲಿ ಸ್ವಲ್ಪ ಬದಲಾವಣೆ ಹೊರಗಿನಿಂದ ಬರುತ್ತಿದೆ. 2024ರ ಆಗಸ್ಟ್‌ನಲ್ಲಿ ಸೆಬಿ ತಂದ ಸೈಬರ್ ಭದ್ರತೆಯ ಚೌಕಟ್ಟು ಎಸ್‌ಬಿಒಎಂ ಕೇಳುತ್ತದೆ. ಅಂದರೆ ಒಂದು ಸಾಫ್ಟ್‌ವೇರ್‌ನೊಳಗೆ ಯಾವ ಲೈಬ್ರರಿಯ ಯಾವ ಆವೃತ್ತಿ ಇದೆ ಎಂಬ ಪೂರ್ತಿ ಪಟ್ಟಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಷೇರು ವಹಿವಾಟಿನ ಆ್ಯಪ್ ಮಾಡಿಸುವವರು ಇನ್ನು ಈ ಪಟ್ಟಿಯನ್ನು ಆ್ಯಪ್ ಮಾಡಿಕೊಟ್ಟವರ ಹತ್ತಿರವೇ ಕೇಳಬೇಕಾಗುತ್ತದೆ. ಪಟ್ಟಿ ಕೇಳಿದ ಮೇಲೆ ಅದರಲ್ಲಿನ 2018ರ ಹೆಸರು ಕಣ್ಣಿಗೆ ಬೀಳುತ್ತದೆ. ಎಎಂಸಿಯ ಮಾತು ಆಗ ಸುಲಭ.

ಇನ್ನೊಂದು ದಿನಾಂಕವನ್ನು ಐಒಎಸ್ ಕಡೆಯವರು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಬೇಕು. ಕೊಕೋಪಾಡ್ಸ್‌ನ ಕೇಂದ್ರ ಪಟ್ಟಿಗೆ 2026ರ ಡಿಸೆಂಬರ್ 2ರ ನಂತರ ಹೊಸದೇನನ್ನೂ ಸೇರಿಸಲಾಗುವುದಿಲ್ಲ ಎಂದು ಅದನ್ನು ನಡೆಸುವವರೇ ಘೋಷಿಸಿದ್ದಾರೆ. ಆಗಲೂ ಬಿಲ್ಡ್‌ಗಳು ನಡೆಯುತ್ತವೆ, ಜೆಸೆಂಟರ್‌ನಲ್ಲೂ ಮೊದಲು ಹಾಗೇ ಇತ್ತು. ಆದರೆ ಯಾವ ಪಾಡ್‌ನಲ್ಲಿ (ಕೊಕೋಪಾಡ್ಸ್‌ನ ಲೈಬ್ರರಿಯಲ್ಲಿ) ದೋಷ ಸಿಕ್ಕರೂ ಸರಿಪಡಿಸಿದ ಆವೃತ್ತಿ ಆ ಪಟ್ಟಿಗೆ ಬರುವುದಿಲ್ಲ. ಪಾಡ್‌ಫೈಲ್ ತೆರೆದು, ಅದರಲ್ಲಿರುವ ಒಂದೊಂದು ಹೆಸರಿಗೂ ಆ್ಯಪಲ್‌ನದೇ ವ್ಯವಸ್ಥೆಯ ಸ್ವಿಫ್ಟ್ ಪ್ಯಾಕೇಜ್ ಇದೆಯಾ ಎಂದು ಈಗಲೇ ನೋಡಬಹುದು. ಪ್ಯಾಕೇಜ್ ಇರುವವನ್ನು ನಿಧಾನಕ್ಕೆ ಬದಲಿಸಿದರಾಯಿತು. ಇಲ್ಲದವುಗಳಲ್ಲಿ ಯಾವುದರ ಹಿಂದೆ ಜನ ಇದ್ದಾರೆ, ಯಾವುದರ ಹಿಂದೆ ಇಲ್ಲ ಎಂಬುದನ್ನು ಗಡುವಿಗೆ ಮುಂಚೆ ಕೇಳಿ ತಿಳಿದುಕೊಳ್ಳಬೇಕು. ಯಾರೂ ಸಿಗದಿದ್ದರೆ ಅದನ್ನು ಫೋರ್ಕ್ ಮಾಡಿ, ಅಂದರೆ ಕೋಡ್‌ನ ನಕಲು ಮಾಡಿಕೊಂಡು, ನೀವೇ ನೋಡಿಕೊಳ್ಳಬೇಕು, ಇಲ್ಲವೇ ಕಿತ್ತು ಹಾಕಬೇಕು.